ಮರುತುಂಬಿದ ತೋಟೆಯೂ ಕಾಯದ ಪಿಸ್ತೂಲೂ

ನಾನು ಅಭ್ಯಾಸ ಮಾಡುವ ಶೂಟಿಂಗ್ ರೇಂಜಿಗೆ ಮೂರು ವರ್ಷಗಳಿಂದ ತಪ್ಪದೆ ಬರುತ್ತಿದ್ದ ಹುಡುಗನೊಬ್ಬನನ್ನು ಅವನ ಕಂಪನಿ ಟೆಕ್ಸಾಸಿಗೆ ಕಳುಹಿಸುತ್ತಿದೆ. ಕಳೆದ ಭಾನುವಾರ ರೇಂಜು ಮುಗಿಸಿ ಕಾಫಿ ಕುಡಿಯುತ್ತಿದ್ದಾಗ ಅವನು, "ಸರ್, ಅಲ್ಲಿ ಮರುತುಂಬಿದ 9 ಎಂಎಂ ತೋಟೆ ಹೊಸದಕ್ಕಿಂತ ಅಗ್ಗಕ್ಕೆ ಸಿಗುತ್ತದಂತೆ. ಪಿಸ್ತೂಲಿಗೆ ಹಾಕಿದರೆ ಏನಾದರೂ ಅಪಾಯವಿದೆಯೇ?" ಎಂದು ಕೇಳಿದ. ಯಾರು ತುಂಬಿದ್ದು ಎಂಬುದರ ಮೇಲೆ ಹೋಗುತ್ತದೆ ಎಂದು ಹೇಳಿ ಆ ಹೊತ್ತಿಗೆ ಮುಗಿಸಿದೆ. ಆದರೆ ಆ ಉತ್ತರ ಅರ್ಧ ಮಾತ್ರ ಎಂದು ವೈಟ್‌ಫೀಲ್ಡಿನ ಟ್ರಾಫಿಕ್ಕಿನಲ್ಲಿ ಕುಳಿತಾಗ ಅನ್ನಿಸಿತು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಊರಿನಲ್ಲಿ ತೋಟೆ, ಪೊಲೀಸರ ಬಾಯಲ್ಲಿ ಕಾಡತೂಸು, ರೇಂಜಿನಲ್ಲಿ ಬರಿಯ ರೌಂಡು ಎನ್ನಿಸಿಕೊಳ್ಳುವ ಈ ವಸ್ತುವಿನಲ್ಲಿ ಇರುವುದು ನಾಲ್ಕೇ ಭಾಗ: ಹಿತ್ತಾಳೆಯ ಕೇಸು, ಅದರ ತಳದಲ್ಲಿ ಪೆಟ್ಟು ಬಿದ್ದಾಗ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಹೊಡೆದ ಮೇಲೆ ಕೇಪು, ಮದ್ದು, ಗುಂಡು ಮೂರೂ ಮುಗಿದುಹೋಗಿ ಬೆಲೆಬಾಳುವ ಹಿತ್ತಾಳೆ ಮಾತ್ರ ಕೈಯಲ್ಲಿ ಉಳಿಯುತ್ತದೆ. ಅದನ್ನು ತೊಳೆದು, ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಉಳಿದ ಮೂರನ್ನು ಹೊಸದಾಗಿ ತುಂಬುವುದೇ ಮರುತುಂಬುವ ಕೆಲಸ. ಇದರಲ್ಲಿ ಮಾಯೆಯೂ ಇಲ್ಲ, ಮೋಸವೂ ಇಲ್ಲ. ಕೊಪ್ಪದ ಕಡೆಯ ನಮ್ಮ ಅಜ್ಜನ ಮನೆಯಲ್ಲಿ ಕೇಪಿನ ಕೋವಿಯಿದ್ದ ಕಾಲಕ್ಕೆ ಪ್ರತಿ ಈಡಿಗೂ ಮದ್ದು, ಚರೆ ಅಳೆದು ಗಜದ ಸರಳಿನಲ್ಲಿ ಜಡಿಯುತ್ತಿದ್ದರು. ಆಮೇಲೆ ಹನ್ನೆರಡು ಬೋರಿನ ಜೋಡಿನಳಿಗೆ ಬಂದಾಗ ಖಾಲಿ ತೋಟೆಗಳನ್ನು ಎಸೆಯದೆ ತುಂಬಿಸಿ ತರುವವರೂ ಸುತ್ತಮುತ್ತ ಇದ್ದರು. ಜೋಡಿನಳಿಗೆಯಲ್ಲಿ ಒಂದು ಈಡು ಬರಿದೆ ಟುಸ್ಸೆಂದರೆ ಅಜ್ಜ ಸ್ವಲ್ಪ ಹೊತ್ತು ಕಾದು, ಕೋವಿಯನ್ನು ನಡುವೆ ಮಡಚಿ ತೆರೆದು, ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡುತ್ತಿದ್ದರು. ಹಾಗೆ ನೋಡುವ ಅವಕಾಶವನ್ನು ಆ ಕೋವಿಯ ರಚನೆಯೇ ಕೊಡುತ್ತಿತ್ತು.

ಅರೆಸ್ವಯಂಚಾಲಿತ ಪಿಸ್ತೂಲು ಆ ಅವಕಾಶವನ್ನು ಕೊಡುವುದಿಲ್ಲ. ಅದರಲ್ಲಿ ತೋಟೆ ಗುಂಡನ್ನು ಹಾರಿಸುವುದಷ್ಟೇ ಅಲ್ಲ, ಯಂತ್ರವನ್ನು ಓಡಿಸುವ ಎಂಜಿನ್ನೂ ಅದೇ. ಮದ್ದಿನ ಒತ್ತಡವೇ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡನ್ನು ಹಿಂದಕ್ಕೆ ತಳ್ಳುತ್ತದೆ, ಖಾಲಿ ಕೇಸು ಹೊರಗೆ ಹಾರುತ್ತದೆ, ಸ್ಪ್ರಿಂಗು ಸ್ಲೈಡನ್ನು ಮುಂದಕ್ಕೆ ತರುವಾಗ ತೋಟೆಗಳನ್ನು ಜೋಡಿಸಿಟ್ಟ ಮ್ಯಾಗಜೀನಿನ ಮುಂದಿನ ತೋಟೆ ನಳಿಗೆಗೆ ಸೇರುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವುದರೊಳಗೆ ಆಗಿಹೋಗುತ್ತದೆ. ಕಾರ್ಖಾನೆಯ ತೋಟೆಗಳು ಒಂದರಂತೆ ಇನ್ನೊಂದು ಇರುವುದರಿಂದ ಈ ಓಟ ನಡೆಯುತ್ತದೆ. ಮನೆಯಲ್ಲಿ ತುಂಬಿದ ತೋಟೆಯೂ ಅಷ್ಟೇ ಸಮನಾಗಿರಬೇಕು. ಇಲ್ಲದಿದ್ದರೆ ತಪ್ಪು ಎಲ್ಲಿ ಆಯಿತೆಂದು ನೋಡುವ ಮೊದಲೇ ಮುಂದಿನ ತೋಟೆ ಒಳಗೆ ಬಂದು ಕುಳಿತಿರುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ ಡಲ್ಲಾಸಿನ ಹತ್ತಿರವಿರುವ ನನ್ನ ಹೆಂಡತಿಯ ತಮ್ಮನ ಮನೆಗೆ ಹೋಗಿದ್ದೆವು. ಅವನಿಗೆ ಗ್ಯಾರೇಜಿನಲ್ಲಿ ತೋಟೆ ತುಂಬುವ ಹವ್ಯಾಸ. ಪ್ರವಾಸಿ ವೀಸಾದಲ್ಲಿರುವವರು ಅಲ್ಲಿ ಬಂದೂಕು ಹಿಡಿಯಬೇಕಾದರೆ ಊರ್ಜಿತವಾದ ಬೇಟೆ ಪರವಾನಗಿಯಂಥ ವಿನಾಯಿತಿ ಇರಬೇಕಾದ್ದರಿಂದ ಅದನ್ನು ಮಾಡಿಸಿಕೊಂಡೇ ಅವನ ಜೊತೆ ರೇಂಜಿಗೆ ಹೋದೆ. (ಕೆಲಸದ ವೀಸಾದಲ್ಲಿ ಹೋಗುವ ನಮ್ಮ ಹುಡುಗನಿಗೂ ಇದು ಅನ್ವಯಿಸುತ್ತದೆ, ಅಲ್ಲಿ ಎಲ್ಲರಿಗೂ ಎಲ್ಲವೂ ಮುಕ್ತ ಎಂಬ ಭ್ರಮೆ ಬೇಡ.) ಎರಡನೆಯ ಮ್ಯಾಗಜೀನಿನ ನಡುವೆ ಒಂದು ತೋಟೆಯ ಸದ್ದು ತೀರಾ ಮೆತ್ತಗೆ ಬಂತು, ಕೈಗೆ ಒದೆತವೂ ತಾಗಲಿಲ್ಲ, ಸ್ಲೈಡೂ ಅಲುಗಲಿಲ್ಲ. ನನ್ನ ಎಡಗೈ ಅಭ್ಯಾಸಬಲದಿಂದ ಸ್ಲೈಡನ್ನು ಹಿಂದಕ್ಕೆಳೆದು ಬಿಟ್ಟಿತು. ಹಳೆಯ ಕೇಸು ಹೊರಗೆ ಬಿತ್ತು, ಹೊಸ ತೋಟೆ ಒಳಗೆ ಸೇರಿತು. ಬೆರಳು ಕುದುರೆಯ (ಟ್ರಿಗರಿನ) ಮೇಲೆ ಹೋಗುವಷ್ಟರಲ್ಲಿ ಅವನು, "ಭಾವ, ನಿಲ್ಲಿಸಿ! ಒತ್ತಬೇಡಿ!" ಎಂದು ಕೂಗಿದ.

ಬಿಚ್ಚಿ ನೋಡಿದಾಗ ಗುಂಡು ನಳಿಗೆಯೊಳಗೆ ಒಂದಂಗುಲ ಮುಂದೆ ಸಿಕ್ಕಿಕೊಂಡಿತ್ತು. ಆ ಕೇಸಿಗೆ ಮದ್ದೇ ಬಿದ್ದಿರಲಿಲ್ಲ, ಕೇಪಿನ ಶಕ್ತಿಯೊಂದೇ ಗುಂಡನ್ನು ಅಷ್ಟು ದೂರ ತಳ್ಳಿತ್ತು. ಇದಕ್ಕೆ ಅಲ್ಲಿಯವರು ಸ್ಕ್ವಿಬ್ ಎನ್ನುತ್ತಾರೆ. ಗುಂಡು ಇನ್ನೂ ಹಿಂದೆ, ನಳಿಗೆಯ ಗಂಟಲಲ್ಲೇ ನಿಂತಿದ್ದರೆ ಹೊಸ ತೋಟೆ ಒಳಗೆ ಕೂರುತ್ತಲೇ ಇರಲಿಲ್ಲ, ಪಿಸ್ತೂಲೇ ನಮ್ಮನ್ನು ತಡೆಯುತ್ತಿತ್ತು. ಮುಂದೆ ಹೋಗಿದ್ದರಿಂದಲೇ ದಾರಿ ಬಿಟ್ಟುಕೊಟ್ಟಂತಾಗಿತ್ತು. ನಾನು ಕುದುರೆ ಒತ್ತಿದ್ದರೆ ಎರಡನೆಯ ಗುಂಡು ಮೊದಲನೆಯದಕ್ಕೆ ಬಡಿದು ನಳಿಗೆ ಉಬ್ಬುತ್ತಿತ್ತು, ಇಲ್ಲವೇ ಸೀಳುತ್ತಿತ್ತು. ಹಿತ್ತಾಳೆಯ ಸರಳಿನಿಂದ ಬಡಿದು ಅದನ್ನು ಹೊರಗೆ ತೆಗೆಯುವಾಗ ಇಬ್ಬರಿಗೂ ಬಾಯಿಂದ ಮಾತು ಹೊರಡಲಿಲ್ಲ.

ಆ ದಿನ ನನ್ನನ್ನು ಹೆಚ್ಚು ಕಾಡಿದ್ದು ಅವನ ತಪ್ಪಲ್ಲ, ನನ್ನ ಕೈಯ ಚುರುಕು. ಅಡಚಣೆಯಾದರೆ ತಕ್ಷಣ ಸ್ಲೈಡ್ ಎಳೆದು ಮುಂದುವರಿಯಬೇಕೆಂದು ನಾವೇ ಕೈಗೆ ಕಲಿಸಿರುತ್ತೇವೆ. ಮದ್ದು ಸ್ವಲ್ಪ ಕಡಿಮೆಯಿರುವ ಮೆತ್ತನೆಯ ತೋಟೆಗಳು ಆ ಚಟವನ್ನು ಇನ್ನಷ್ಟು ಗಟ್ಟಿ ಮಾಡುತ್ತವೆ, ಏಕೆಂದರೆ ಅವು ಸ್ಲೈಡನ್ನು ಪೂರ್ತಿ ಹಿಂದಕ್ಕೆ ತಳ್ಳಲಾರದೆ ಪದೇಪದೇ ಸಿಕ್ಕಿಕೊಳ್ಳುತ್ತವೆ, ಹತ್ತು ಸಲ ಎಳೆದು ಏನೂ ಆಗದವನು ಹನ್ನೊಂದನೆಯ ಸಲವೂ ಎಳೆಯುತ್ತಾನೆ. ಮರುತುಂಬಿದ ತೋಟೆ ಹೊಡೆಯುವಾಗ ಈ ಚಟವನ್ನು ಬಿಡಬೇಕು. ಸದ್ದು ಬದಲಾದರೆ ನಿಲ್ಲಿಸಿ, ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾದು, ಮ್ಯಾಗಜೀನ್ ತೆಗೆದು, ಖಾಲಿ ಮಾಡಿ, ನಳಿಗೆಯೊಳಗೆ ಬೆಳಕು ಕಾಣುತ್ತದೆಯೇ ಎಂದು ನೋಡಬೇಕು. ಸ್ಪರ್ಧೆಯ ನಡುವೆ ಇದು ಕಷ್ಟ. ನಮ್ಮ 25 ಮೀಟರ್ ಸೆಂಟರ್ ಫೈರ್ ಪಿಸ್ತೂಲು ಸ್ಪರ್ಧೆಯ ಎರಡನೆಯ ಭಾಗದಲ್ಲಿ ಗುರಿ ಕಾಣುವುದೇ ಮೂರು ಸೆಕೆಂಡು, ಮರೆಯಾಗಿರುವುದು ಏಳು ಸೆಕೆಂಡು; ಅಷ್ಟರಲ್ಲಿ ಯೋಚಿಸುವವರು ಕಡಿಮೆ.

ಮದ್ದು ಬೀಳದಿರುವುದಕ್ಕಿಂತ ಎರಡು ಸಲ ಬೀಳುವುದು ದೊಡ್ಡ ಆಪತ್ತು. ಪಿಸ್ತೂಲಿನ ಮದ್ದು ಬೇಗ ಉರಿಯುವಂಥದ್ದು, ಬೇಕಾಗುವುದೂ ಅತ್ಯಲ್ಪ. ಇದನ್ನು ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ. ಒಂದು ಪೌಂಡಿಗೆ 7000 ಗ್ರೇನ್, ಅಂದರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ಹಲವು ಮದ್ದುಗಳು ಕೇಸಿನ ಅರ್ಧವನ್ನೂ ತುಂಬುವುದಿಲ್ಲವಾದ್ದರಿಂದ ಎರಡನೆಯ ಅಳತೆಗೂ ಒಳಗೆ ಆರಾಮವಾಗಿ ಜಾಗವಿರುತ್ತದೆ, ಮೇಲೆ ಗುಂಡು ಕೂರಿಸಿದ ಮೇಲೆ ಹೊರಗಿನಿಂದ ಯಾವ ಸುಳಿವೂ ಸಿಗುವುದಿಲ್ಲ. ಸಿದ್ಧವಾದ ತೋಟೆಯನ್ನು ತೂಗಿ ಕಂಡುಹಿಡಿಯಬಹುದಲ್ಲ ಎಂದು ನಾನೂ ಒಮ್ಮೆ ಅಂದುಕೊಂಡಿದ್ದೆ. ಆದರೆ ಬೇರೆ ಬೇರೆ ಕಂಪನಿಗಳ ಕೇಸು, ಗುಂಡುಗಳ ತೂಕದಲ್ಲೇ ಕೆಲವು ಗ್ರೇನ್ ಹೆಚ್ಚುಕಡಿಮೆ ಇರುವುದರಿಂದ ಮದ್ದಿನ ವ್ಯತ್ಯಾಸ ಅದರಲ್ಲಿ ಮುಚ್ಚಿಹೋಗುತ್ತದೆ.

ಒತ್ತಡದ ಅಂದಾಜು ಸಿಗಬೇಕಾದರೆ ಹೀಗೆ ನೋಡಬಹುದು. ಕಾರಿನ ಟೈರಿಗೆ ನಾವು ಹಾಕಿಸುವುದು ಚದರ ಅಂಗುಲಕ್ಕೆ ಮೂವತ್ತು ಚಿಲ್ಲರೆ ಪೌಂಡು. ಅಮೆರಿಕದ ಮಾನಕ ಸಂಸ್ಥೆ ಸಾಮಿ 9 ಎಂಎಂ ತೋಟೆಗೆ ನಿಗದಿ ಮಾಡಿರುವ ಗರಿಷ್ಠ ಒತ್ತಡ 35,000 ಪೌಂಡು, ಹೆಚ್ಚುಕಡಿಮೆ ಅದರ ಸಾವಿರ ಪಟ್ಟು. ಅಗಲವಾದ .45 ಎಸಿಪಿ ಎಂಬ ಪಿಸ್ತೂಲು ತೋಟೆಗೆ ಅದು 21,000. ಹಾಗಾಗಿ ತುಂಬುವುದರಲ್ಲಿ ಅನುಭವಿಗಳಾದವರು .45 ಸ್ವಲ್ಪ ಕ್ಷಮಿಸುತ್ತದೆ, 9 ಎಂಎಂ ಕ್ಷಮಿಸುವುದಿಲ್ಲ ಎನ್ನುತ್ತಾರೆ. ರಿವಾಲ್ವರಿನಲ್ಲಿ ಕೇಸಿನ ಗೋಡೆಗೆ ಸುತ್ತಲೂ ಸಿಲಿಂಡರಿನ ಉಕ್ಕು ಒತ್ತಾಗಿ ನಿಂತಿರುತ್ತದೆ. ಪಿಸ್ತೂಲಿನಲ್ಲಿ ತೋಟೆ ಮ್ಯಾಗಜೀನಿನಿಂದ ಮೇಲಕ್ಕೆ ಜಾರಿ ಬರಲು ನಳಿಗೆಯ ಬುಡದಲ್ಲಿ ಇಳಿಜಾರು ಕೊರೆದಿರುತ್ತಾರೆ, ಅಷ್ಟು ಭಾಗದಲ್ಲಿ ಕೇಸಿನ ಹಿಂಬದಿಗೆ ಆಸರೆಯಿರುವುದಿಲ್ಲ. ಒತ್ತಡ ಮೀರಿದಾಗ ಹಿತ್ತಾಳೆ ಅಲ್ಲೇ ಒಡೆಯುತ್ತದೆ, ಬಿಸಿ ಗಾಳಿ ಕೆಳಗಿಳಿದು ಮ್ಯಾಗಜೀನನ್ನು ಹಿಡಿಯಿಂದ ಕಿತ್ತೆಸೆಯುತ್ತದೆ. ಎಷ್ಟೋ ಸಲ ಒಡೆದ ಕೇಸು ಈ ಮೊದಲೇ ಹಲವು ಸಲ ಹಿಗ್ಗಿ ಅಲ್ಲೇ ದಣಿದಿರುತ್ತದೆ.

ಇದಲ್ಲದೆ ಕಣ್ಣಿಗೆ ಬೀಳದ ಇನ್ನೊಂದು ತೊಂದರೆ ಇದೆ, ಅದು ಗುಂಡು ಒಳಸರಿಯುವುದು. ಸ್ಲೈಡು ತೋಟೆಯನ್ನು ಮುಂದಕ್ಕೆ ನೂಕುವಾಗ ಗುಂಡಿನ ಮೂತಿ ಆ ಇಳಿಜಾರಿಗೆ ಬಡಿಯುತ್ತದೆ. ಕೇಸಿನ ಬಾಯಿ ಗುಂಡನ್ನು ಬಿಗಿಯಾಗಿ ಹಿಡಿದಿರದಿದ್ದರೆ ಅದು ಕೂದಲೆಳೆಯಷ್ಟು ಒಳಕ್ಕೆ ಹೋಗುತ್ತದೆ, ಒಂದೇ ತೋಟೆಯನ್ನು ಮತ್ತೆಮತ್ತೆ ಹಾಕಿ ತೆಗೆದರೆ ಇನ್ನಷ್ಟು ಹೋಗುತ್ತದೆ. ಮೊದಲೇ ಚಿಕ್ಕದಾದ ಕೇಸಿನಲ್ಲಿ ಮದ್ದು ಉರಿಯುವ ಜಾಗ ಕುಗ್ಗಿದಂತೆ ಒತ್ತಡ ಏರುತ್ತದೆ. ಹಾಗೆಂದು ಬಾಯಿಯನ್ನು ಗುಂಡಿನ ಮೇಲೆ ಮಡಚಿ ಬಿಗಿಯುವ ಹಾಗೂ ಇಲ್ಲ, ಏಕೆಂದರೆ 9 ಎಂಎಂ ತೋಟೆ ನಳಿಗೆಯಲ್ಲಿ ನಿಲ್ಲುವುದೇ ಆ ಬಾಯಿಯ ಅಂಚಿನ ಆಧಾರದಿಂದ. ಅಂಚು ಒಳಗೆ ಮಡಚಿದರೆ ತೋಟೆ ಬೇಕಾದ್ದಕ್ಕಿಂತ ಆಳಕ್ಕೆ ಇಳಿಯುತ್ತದೆ. ಹೀಗೆ ಬಿಗಿಯೂ ಆಗಬೇಕು, ಅಂಚೂ ಉಳಿಯಬೇಕು. ನಳಿಗೆಯನ್ನು ಬಿಚ್ಚಿಟ್ಟು ತುಂಬಿದ ತೋಟೆಯನ್ನು ಅದರೊಳಗೆ ಬಿಟ್ಟು ಟಪ್ ಎಂದು ಬೀಳುತ್ತದೆಯೇ ಎಂದು ಪರೀಕ್ಷಿಸುವುದು ಇದಕ್ಕೇ. ಕೇಪು ತಳಮಟ್ಟಕ್ಕಿಂತ ಮೇಲೆ ನಿಂತಿದ್ದರೂ ಕಷ್ಟವೇ, ಅದನ್ನು ಬೆರಳಿನಿಂದ ಸವರಿ ನೋಡಬೇಕು.

ಇಷ್ಟಾದರೂ ಮರುತುಂಬುವುದು ಕೆಟ್ಟ ಕೆಲಸವೆಂದು ನಾನು ಹೇಳಲಾರೆ. ಶ್ರದ್ಧೆಯಿರುವವನು ತನ್ನ ಪಿಸ್ತೂಲಿಗೆ ತಾನೇ ತುಂಬಿಕೊಂಡ ತೋಟೆ ಎಷ್ಟೋ ಸಲ ಕಾರ್ಖಾನೆಯದಕ್ಕಿಂತ ಚೆನ್ನಾಗಿ ಗುರಿ ಕಟ್ಟುತ್ತದೆ. ಪರವಾನಗಿ ಪಡೆದ ಕಂಪನಿಗಳು ಪೆಟ್ಟಿಗೆಯ ಮೇಲೆ ಹೆಸರು, ತಯಾರಿಕೆಯ ಬ್ಯಾಚ್ ಸಂಖ್ಯೆ ಮುದ್ರಿಸಿ ಮಾರುವ ಮರುತುಂಬಿದ ತೋಟೆಗಳೂ ಇವೆ. ಅದು ಗೊತ್ತಿರುವ ಅಂಗಡಿಯಲ್ಲಿ ರೀಟ್ರೆಡ್ ಮಾಡಿಸಿದ ಟೈರಿನ ಹಾಗೆ. ಪ್ಲಾಸ್ಟಿಕ್ ಚೀಲದಲ್ಲಿ ಸುರಿದು ಮೇಜಿನ ಮೇಲಿಟ್ಟ, ತುಂಬಿದವರ ಹೆಸರಿಲ್ಲದ ತೋಟೆಯನ್ನು ಮಾತ್ರ ಪುಕ್ಕಟೆ ಕೊಟ್ಟರೂ ಮುಟ್ಟಬಾರದು. ಪಿಸ್ತೂಲು ತಯಾರಿಸುವ ಗ್ಲಾಕ್ ಕಂಪನಿ ತನ್ನ ಕೈಪಿಡಿಯಲ್ಲೇ ಮರುತುಂಬಿದ ತೋಟೆ ಬಳಸಬೇಡಿ ಎಂದು ಎಚ್ಚರಿಸುತ್ತದೆ. ಏನಾದರೂ ಒಡೆದರೆ ಯಾವ ಗ್ಯಾರಂಟಿಯ ಮಾತೂ ನಡೆಯಲಿಕ್ಕಿಲ್ಲ ಎಂಬುದನ್ನು ಅಗ್ಗದ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ನಮ್ಮಲ್ಲಿ ಈ ಪ್ರಶ್ನೆಯೇ ಬೇರೆ. 9 ಎಂಎಂ ಇಲ್ಲಿ ಸಾಮಾನ್ಯ ನಾಗರಿಕರಿಗೆ ನಿಷೇಧಿತ ಬೋರು (ನಳಿಗೆಯ ಅಳತೆ), ತೋಟೆ ತಯಾರಿಸಲು 1959ರ ಆಯುಧ ಕಾಯ್ದೆಯಡಿ ಪರವಾನಗಿ ಬೇಕು. ಯೂಟ್ಯೂಬ್ ನೋಡಿ ಜಯನಗರದ ಮನೆಯ ಕಾರ್ ಶೆಡ್ಡಿನಲ್ಲಿ ಶುರುಮಾಡುವ ಹವ್ಯಾಸ ಇದಲ್ಲ.

ನನ್ನ ಭಾವಮೈದುನ ಈಗಲೂ ತುಂಬುತ್ತಾನೆ. ಎರಡು ಸಲ ಬಿದ್ದರೆ ಕೇಸಿನಿಂದ ಉಕ್ಕಿ ಹೊರಚೆಲ್ಲುವಂಥ ಹಗುರವಾದ ಮದ್ದಿಗೆ ಬದಲಾಯಿಸಿಕೊಂಡಿದ್ದಾನೆ, ಗುಂಡು ಕೂರಿಸುವ ಮುನ್ನ ಪ್ರತಿಯೊಂದು ಕೇಸಿನೊಳಗೂ ದೀಪ ಬಿಟ್ಟು ನೋಡುತ್ತಾನೆ, ಕೆಲಸ ಮಾಡುವಾಗ ಫೋನನ್ನು ಒಳಗೆ ಅಡುಗೆಮನೆಯಲ್ಲಿಟ್ಟು ಬರುತ್ತಾನೆ. ಕಳೆದ ಸಲ ಹೋದಾಗ ರೇಂಜಿನ ಮೇಜಿನ ಮೇಲೆ ಅವನು ತುಂಬಿದ ತೋಟೆಗಳ ಡಬ್ಬಿ ಅವನ ಮುಂದಿತ್ತು, ನನ್ನ ಮುಂದೆ ಅಂಗಡಿಯಿಂದ ತಂದ ಹೊಸ ಪೆಟ್ಟಿಗೆಯಿತ್ತು. ಅದರ ಬಗ್ಗೆ ಅವನೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ.