ಈಜಿಪ್ಟಿನ ಕಂಬ ನೋಡಲು ಡಾರ್ಸೆಟ್‌ಗೆ: ಕಿಂಗ್‌ಸ್ಟನ್ ಲೇಸಿ ಪ್ರವಾಸ

ಇಂಗ್ಲೆಂಡಿನ ಹಳ್ಳಿಗಾಡಿನ ದೊಡ್ಡ ಮನೆ, ಅದರಲ್ಲಿ ಈಜಿಪ್ಟಿನ ಹಳೆಯ ವಸ್ತುಗಳು ಅಂದ ಕೂಡಲೇ ಎಲ್ಲರೂ ಹೇಳುವುದು ಹೈಕ್ಲೇರ್ ಕ್ಯಾಸಲ್ ಹೆಸರು. ಪ್ರಾಚೀನ ಈಜಿಪ್ಟಿನ ರಾಜ ಟುಟಾಂಖಾಮನ್ ಸಮಾಧಿಯ ಶೋಧಕ್ಕೆ ಹಣ ಹಾಕಿದ ಲಾರ್ಡ್ ಕಾರ್ನಾರ್ವನ್ ಮನೆ ಅದು. ಆದರೆ ಆತನ ಸಂಗ್ರಹದ ಬಹುಪಾಲು 1926ರಲ್ಲೇ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಮಾರಾಟವಾಯಿತು. ಈಗ ಅಲ್ಲಿನ ಪ್ರದರ್ಶನದಲ್ಲಿ ಟುಟಾಂಖಾಮನ್ ನಿಧಿಯ ಪ್ರತಿಕೃತಿಗಳೇ ಜಾಸ್ತಿ. ಒಂದೇ ಮನೆಗೆ ಹೋಗುವಷ್ಟು ಸಮಯವಿದ್ದರೆ ನನ್ನ ಓಟು ಡಾರ್ಸೆಟ್‌ನ ಕಿಂಗ್‌ಸ್ಟನ್ ಲೇಸಿಗೆ. ಇಲ್ಲಿರುವುದು ಅಸಲಿ ಮಾಲು. ಅದನ್ನು ತಂದವನ ಕಥೆಯೂ ಸಾಮಾನ್ಯದ್ದಲ್ಲ.

ಹೋಗುವುದು ಹೇಗೆ? ಕಾರಿದ್ದರೆ ಸುಲಭ. ಲಂಡನ್ನಿಂದ ಎರಡೂವರೆ ಗಂಟೆ ಇಟ್ಟುಕೊಳ್ಳಿ. ರೈಲಿನಲ್ಲಾದರೆ ವಾಟರ್‌ಲೂ ನಿಲ್ದಾಣದಿಂದ ಪೂಲ್‌ವರೆಗೆ, ಅಲ್ಲಿಂದ ಬಸ್ಸಿನಲ್ಲಿ ವಿಂಬೋರ್ನ್ ಊರಿಗೆ. ವಿಂಬೋರ್ನ್‌ಗೆ ಈಗ ರೈಲು ನಿಲ್ದಾಣ ಇಲ್ಲ. ಅಲ್ಲಿಂದ ಮನೆಗೆ ಸುಮಾರು 3 ಕಿ.ಮೀ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಟ್ಯಾಕ್ಸಿಯೇ ವಾಸಿ. ವಾಪಸ್ ಬರುವ ಟ್ಯಾಕ್ಸಿಗೂ ಆಗಲೇ ಹೇಳಿಬಿಡಿ. ಜಾಗ ಹಳೆಯ ಮನೆ, ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯದು, ಅದರ ಸದಸ್ಯರಿಗೆ ಟಿಕೆಟ್ ಬೇಡ. ಇಂಗ್ಲೆಂಡಿನಲ್ಲೇ ವಾಸವಿರುವ ಕುಟುಂಬಗಳಿಗೆ ವರ್ಷದ ಸದಸ್ಯತ್ವವೇ ಲಾಭ. ತೋಟ ತೆರೆದಿದೆ ಅಂದ ಮಾತ್ರಕ್ಕೆ ಮನೆಯೊಳಗೂ ಬಿಡುತ್ತಾರೆ ಅಂದುಕೊಳ್ಳಬೇಡಿ, ಎರಡರ ಸಮಯ ಬೇರೆ. ಹೊರಡುವ ಮುಂಚೆ ಅವರ ವೆಬ್‌ಸೈಟ್‌ನಲ್ಲಿ ಎರಡನ್ನೂ ನೋಡಿಕೊಳ್ಳಿ.

ಇನ್ನೊಂದು ಸಲಹೆ, ನನ್ನ ಲೆಕ್ಕದಲ್ಲಿ ಇದೇ ಮುಖ್ಯ. ಡಾರ್ಸೆಟ್‌ಗೆ ಹೊರಡುವ ಮೊದಲು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ರೊಸೆಟ್ಟಾ ಕಲ್ಲು ನೋಡಿ. ಪ್ರವೇಶ ಉಚಿತ. ಒಂದೇ ವಿಷಯವನ್ನು ಈಜಿಪ್ಟಿನ ಚಿತ್ರಲಿಪಿಯಲ್ಲೂ ಗ್ರೀಕ್‌ನಲ್ಲೂ ಕೆತ್ತಿದ ಕಲ್ಲು ಅದು. ಯಾರಿಗೂ ಓದಲು ಬಾರದಿದ್ದ ಚಿತ್ರಲಿಪಿಯನ್ನು ಬಿಡಿಸಲು ನೆರವಾದದ್ದು. ಆ ಕಲ್ಲಿನ ಮೇಲ್ಭಾಗ ಒಡೆದುಹೋಗಿದೆ. ಚಿತ್ರಲಿಪಿಯ ಭಾಗದಲ್ಲಿ ಉಳಿದಿರುವ ರಾಜನ ಹೆಸರು ಟಾಲೆಮಿ ಒಂದೇ. ಒಂದೇ ಹೆಸರು ಇಟ್ಟುಕೊಂಡು ಲಿಪಿ ಓದುವುದು ಕಷ್ಟ, ತಾಳೆ ನೋಡಲು ಇನ್ನೊಂದು ಬೇಕು. ಆ ಇನ್ನೊಂದು ಹೆಸರು ಇರುವುದು ಕಿಂಗ್‌ಸ್ಟನ್ ಲೇಸಿಯ ತೋಟದಲ್ಲಿ!

ಹಾಗಾಗಿ ಒಳಗೆ ಹೋದವರು ನೇರ ದಕ್ಷಿಣದ ಹುಲ್ಲುಹಾಸಿಗೆ ನಡೆಯಿರಿ. ಮನೆ ಆಮೇಲೆ ನೋಡಿದರಾಯಿತು. ಅಲ್ಲಿ ನಿಂತಿದೆ ನಸುಗೆಂಪು ಗ್ರಾನೈಟ್‌ನ ಒಬೆಲಿಸ್ಕ್, ಅಂದರೆ ಮೇಲೆ ಹೋದಂತೆ ಕಿರಿದಾಗುವ ನಾಲ್ಕು ಬದಿಯ ಕಲ್ಲುಕಂಬ. ಎತ್ತರ ಸುಮಾರು 6.7 ಮೀಟರ್. ಅಸ್ವಾನ್ ಹತ್ತಿರ, ನೈಲ್ ನದಿಯ ಫಿಲೇ ದ್ವೀಪದ ದೇವಸ್ಥಾನದ ಮುಂದೆ ಇದ್ದದ್ದು. ಈ ಮನೆಯ ವಿಲಿಯಂ ಜಾನ್ ಬ್ಯಾಂಕ್ಸ್ 1815ರಲ್ಲಿ ಅದನ್ನು ಅಲ್ಲಿ ನೋಡಿದ. ಸಾಗಿಸುವ ಕೆಲಸ ವಹಿಸಿಕೊಂಡವನು ಬೆಲ್ಜೋನಿ, ಇಟಲಿಯ ಆಜಾನುಬಾಹು. ಮೊದಲು ಸರ್ಕಸ್‌ನವರಂತೆ ಭಾರ ಎತ್ತಿ ಜನರನ್ನು ರಂಜಿಸುತ್ತಿದ್ದ. ದೋಣಿಗೆ ಹತ್ತಿಸಲು ಕಟ್ಟಿದ್ದ ಕಲ್ಲಿನ ಕಟ್ಟೆ ಕುಸಿದು ಕಂಬ ಸೀದಾ ನೈಲ್ ನದಿಗೆ ಜಾರಿತು. ಹೇಗೋ ಮೇಲೆತ್ತಿದರು. ಇಂಗ್ಲೆಂಡ್ ತಲುಪಿದ್ದು 1821ರಲ್ಲಿ. 1827ರಲ್ಲಿ ಅಡಿಗಲ್ಲು ಹಾಕಿದ್ದು ವಾಟರ್‌ಲೂ ಯುದ್ಧ ಗೆದ್ದ ಡ್ಯೂಕ್ ಆಫ್ ವೆಲ್ಲಿಂಗ್ಟನ್. ನಮ್ಮ ಕಡೆಯ ಓದುಗರಿಗೆ ಈತ ಹೊಸಬನಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷ್ ಸೈನ್ಯದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ ಇವನೇ.

ಕಂಬದ ಬದಿಗಳಲ್ಲಿ ಚಿತ್ರಲಿಪಿ, ಪೀಠದ ಮೇಲೆ ಗ್ರೀಕ್. ಗ್ರೀಕ್‌ನಲ್ಲಿ ಟಾಲೆಮಿ ಜೊತೆ ಕ್ಲಿಯೋಪಾತ್ರ ಹೆಸರೂ ಇದೆ. ಸಿನಿಮಾದ ಕ್ಲಿಯೋಪಾತ್ರ ಅಲ್ಲ, ಅವಳಿಗಿಂತ ತಲೆಮಾರುಗಳ ಹಿಂದಿನ, ಅದೇ ಹೆಸರಿನ ರಾಣಿಯರು. ಹಾಗಾದರೆ ಮೇಲಿನ ಚಿತ್ರಲಿಪಿಯಲ್ಲಿ ಉದ್ದುಂಡೆ ಗೆರೆಯೊಳಗಿರುವ ಇನ್ನೊಂದು ಹೆಸರು ಕ್ಲಿಯೋಪಾತ್ರ ಎಂದೇ ಇರಬೇಕು ಎಂದು ಬ್ಯಾಂಕ್ಸ್ ಊಹಿಸಿದ. ಶಾಸನದ ಅಚ್ಚುಪ್ರತಿಗಳ ಅಂಚಿನಲ್ಲಿ ಹಾಗೇ ಬರೆದು ವಿದ್ವಾಂಸರಿಗೆ ಕಳಿಸಿದ. ಎರಡೂ ಹೆಸರುಗಳಲ್ಲಿ ಪ, ಲ, ಒ ಬರುತ್ತವೆ. ಆ ಚಿಹ್ನೆಗಳು ಸರಿಯಾಗಿ ಕೂತವು. 1822ರಲ್ಲಿ ಫ್ರಾನ್ಸಿನ ವಿದ್ವಾಂಸ ಷಾಂಪೋಲಿಯನ್ ಲಿಪಿ ಬಿಡಿಸಿದ್ದನ್ನು ಪ್ರಕಟಿಸಿದಾಗ ಈ ಹೆಸರು ದೊಡ್ಡ ಆಧಾರವಾಗಿತ್ತು. ತನಗೆ ಶ್ರೇಯ ಸಿಗಲಿಲ್ಲ ಎಂಬ ಕೊರಗು ಬ್ಯಾಂಕ್ಸ್‌ಗೆ ಉಳಿಯಿತು. ಕೊರಗಿಗೆ ಕಾರಣ ಇತ್ತು ಅಂತಲೇ ನನಗೂ ಅನ್ನಿಸುತ್ತದೆ.

ಗ್ರೀಕ್ ಶಾಸನದ ವಿಷಯ ಇನ್ನೂ ಮಜವಾಗಿದೆ. ಅದು ದೇವಸ್ಥಾನದ ಅರ್ಚಕರ ದೂರು. ಬರುವ ಹೋಗುವ ಅಧಿಕಾರಿಗಳು, ಸೈನಿಕರು ಎಲ್ಲರ ಖರ್ಚನ್ನೂ ನಮ್ಮ ತಲೆಗೇ ಕಟ್ಟುತ್ತಾರೆ, ದೇವಸ್ಥಾನ ಬಡವಾಗುತ್ತಿದೆ, ಇದನ್ನು ನಿಲ್ಲಿಸಿ ಎಂದು ರಾಜನಿಗೆ ಅರ್ಜಿ. ರಾಜ ಒಪ್ಪಿದ, ಇವರು ಅದನ್ನು ಕಲ್ಲಿನಲ್ಲಿ ಕೆತ್ತಿಸಿಟ್ಟರು. ಸಾಹೇಬರ ಕ್ಯಾಂಪ್ ಖರ್ಚು ಅಂದರೆ ಯಾವ ಕಾಲದಲ್ಲೂ ಅಷ್ಟೇ, ಅಲ್ವಾ?

ಇಂಗ್ಲೆಂಡಿನ ಮಳೆ, ಹಿಮಕ್ಕೆ ಅಕ್ಷರಗಳು ಸವೆದಿವೆ. ನಡುಮಧ್ಯಾಹ್ನ ಏನೂ ಸರಿಯಾಗಿ ಕಾಣದು. ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ನೋಡಿ, ಸಾಧ್ಯವಾದರೆ ಒಂದು ಬೈನಾಕ್ಯುಲರ್ ಇರಲಿ. ಮಕ್ಕಳಿಗೆ ಬೋರ್ ಆದರೆ ಇದನ್ನು ಹೇಳಿ: 2014ರ ನವೆಂಬರ್ 12ರಂದು ಧೂಮಕೇತುವಿನ ಮೇಲೆ ಇಳಿದ ಯುರೋಪಿನ ನೌಕೆಗೆ ಫಿಲೇ ಎಂಬ ಹೆಸರು ಬಂದದ್ದು ಇದೇ ಕಂಬದಿಂದ. ಅದನ್ನು ಹೊತ್ತೊಯ್ದ ದೊಡ್ಡ ನೌಕೆಯ ಹೆಸರು ರೊಸೆಟ್ಟಾ.

ಮನೆಯೊಳಗಿನ ಈಜಿಪ್ಟ್ ಕೋಣೆ ಚಿಕ್ಕದು. ಹಿಂದೆ ಬಿಲಿಯರ್ಡ್ಸ್ ಆಡುತ್ತಿದ್ದ ಜಾಗ. ಬ್ರಿಟಿಷ್ ಮ್ಯೂಸಿಯಂ ಗಾತ್ರ ನಿರೀಕ್ಷಿಸಿದರೆ ನಿರಾಸೆಯಾಗುತ್ತದೆ. ಇಲ್ಲಿ ನಿಧಾನವಾಗಿ ನೋಡಬೇಕಾದದ್ದು ದೇರ್ ಎಲ್ ಮದೀನಾದ ಕಲ್ಲುಫಲಕಗಳು. ಅದು ರಾಜರ ಕಣಿವೆಯ ಸಮಾಧಿಗಳನ್ನು ಕೊರೆದು ಬಣ್ಣ ಹಚ್ಚಿದ ಕೆಲಸಗಾರರ ಊರು. ರಾಜರಿಗಾಗಿ ದುಡಿದವರು ತಮ್ಮ ದೇವರಿಗೆ, ತಮ್ಮ ಹೆಸರಲ್ಲಿ ಕೆತ್ತಿಕೊಂಡ ಕಲ್ಲುಗಳಿವು. ನನಗಂತೂ ಚಿನ್ನದ ಮುಖವಾಡಕ್ಕಿಂತ ಇವೇ ಇಷ್ಟ. ಕೋಣೆಗಳಲ್ಲಿ ಸ್ವಯಂಸೇವಕರು ಇರುತ್ತಾರೆ. ಹೆಚ್ಚಿನವರು ನಿವೃತ್ತರು, ಕೇಳಿದರೆ ಖುಷಿಯಿಂದ ಹೇಳುತ್ತಾರೆ.

ಈ ವಸ್ತುಗಳೆಲ್ಲ ಈಜಿಪ್ಟಿನಲ್ಲೇ ಇರಬೇಕಿತ್ತಲ್ಲವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಇರಬೇಕಿತ್ತು ಅಂತಲೇ ನನ್ನ ಅನಿಸಿಕೆ. ಆದರೆ ಬ್ಯಾಂಕ್ಸ್ ತಂದದ್ದಕ್ಕಿಂತ ಬರೆದುಕೊಂಡದ್ದು ಜಾಸ್ತಿ. 1818ರಲ್ಲಿ ಅಬಿಡೋಸ್‌ನಲ್ಲಿ ದೇವಸ್ಥಾನದ ಗೋಡೆಯ ಮೇಲೆ ಈಜಿಪ್ಟಿನ ರಾಜರ ಹೆಸರುಗಳ ಪಟ್ಟಿ ಕಂಡಾಗ ನಕಲು ಮಾಡಿಕೊಂಡು ಗೋಡೆಯಲ್ಲೇ ಬಿಟ್ಟ. ಬೇರೆಯವರು ಕಿತ್ತರು, ಅದೀಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಉಳಿದ ಮನೆಯನ್ನೂ ಬಿಡಬೇಡಿ. ಚಿನ್ನದ ಬಣ್ಣದ ಚರ್ಮ ಹೊದಿಸಿದ ಸ್ಪ್ಯಾನಿಷ್ ಕೋಣೆ ಒಂದಕ್ಕೇ ಟಿಕೆಟ್ ಹಣ ಸರಿ. ಇದನ್ನೆಲ್ಲ ಮಾಡಿಸಿದವನು ಇಲ್ಲಿ ನೆಮ್ಮದಿಯಾಗಿ ಇರಲಿಲ್ಲ. 1841ರಲ್ಲಿ ಬ್ಯಾಂಕ್ಸ್ ಒಬ್ಬ ಸೈನಿಕನ ಜೊತೆ ಸಿಕ್ಕಿಬಿದ್ದ. ಆಗ ಸಲಿಂಗ ಸಂಬಂಧಕ್ಕೆ ಕಾನೂನಿನಲ್ಲಿ ಮರಣದಂಡನೆ ಇತ್ತು. ದೇಶ ಬಿಟ್ಟು ಇಟಲಿಗೆ ಹೋದ. ಅಲ್ಲಿಂದಲೇ ಅಮೃತಶಿಲೆ, ಕೆತ್ತನೆ ಕೆಲಸ ಎಲ್ಲ ಮಾಡಿಸಿ ಮನೆಗೆ ಕಳಿಸುತ್ತಿದ್ದ, ಯಾವುದು ಎಲ್ಲಿ ಕೂರಬೇಕು ಅಂತ ಪತ್ರದಲ್ಲಿ ಬರೆಯುತ್ತಿದ್ದ. 1855ರಲ್ಲಿ ವೆನಿಸ್‌ನಲ್ಲಿ ತೀರಿಕೊಂಡ.

ಊಟಕ್ಕೆ ಅಲ್ಲಿನ ಕೆಫೆಯನ್ನೇ ನಂಬಬೇಡಿ, ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಳ್ಳುವುದು ಒಳ್ಳೆಯದು. ಹೊರಗೆ ಕೂತು ತಿನ್ನಲು ಬೇಕಾದಷ್ಟು ಜಾಗವಿದೆ. ಫೆಬ್ರವರಿಯಲ್ಲಿ ಹೋದರೆ ತೋಟದ ತುಂಬ ಬಿಳಿ ಸ್ನೋಡ್ರಾಪ್ ಹೂಗಳು, ಆದರೆ ಚಳಿಗೆ ಸರಿಯಾದ ಬೂಟು ಬೇಕು. ಲೈಬ್ರರಿಯಲ್ಲಿ ತೂಗುಹಾಕಿರುವ ಬೀಗದ ಕೈಗಳು ಕಾರ್ಫ್ ಕ್ಯಾಸಲ್‌ನವು, 1646ರಲ್ಲಿ ಕೆಡವಿದ ಇದೇ ಮನೆತನದ ಹಳೆಯ ಕೋಟೆ. ಅದನ್ನೂ ಅದೇ ದಿನ ಸೇರಿಸಲು ಹೋಗಬೇಡಿ, ಸುಮ್ನೆ ಓಡಾಟವಾಗುತ್ತದೆ. ಪೂಲ್‌ನಲ್ಲಿ ರಾತ್ರಿ ಉಳಿದು ಮರುದಿನ ಹೋಗಿ. ಸ್ವಾನೇಜ್‌ನಿಂದ ಅಲ್ಲಿಗೆ ಉಗಿಬಂಡಿ ಇದೆ, ಓಡುವ ದಿನಗಳನ್ನು ಮೊದಲೇ ನೋಡಿಕೊಳ್ಳಿ.