ಬಲಗಡೆ ಕೆಳಗಿನ ಮೂಲೆ

ಆ ಸೋಮವಾರದ ಸೆಷನ್ ನೆನಪಾದರೆ ಇವತ್ತಿಗೂ ಹೊಟ್ಟೆಯೊಳಗೆ ಸಂಕಟ ಆಗುತ್ತದೆ.

ನಾನು ಸ್ಪೀಚ್ ಥೆರಪಿಸ್ಟ್. ಹುಡುಗನಿಗೆ ಆರು ವರ್ಷ, ಆಟಿಸಂ ಇದೆ, ಮಾತು ಬಂದಿಲ್ಲ. ಎಂಟು ತಿಂಗಳಿಂದ ಟ್ಯಾಬ್‌ನಲ್ಲಿ ಎಎಸಿ ಆ್ಯಪ್ ಬಳಸುತ್ತಿದ್ದ, ಅಂದರೆ ಬಟನ್ ಒತ್ತಿದರೆ ಆ ಪದವನ್ನು ದನಿಯಲ್ಲಿ ಹೇಳುವ ಆ್ಯಪ್. 20 ಬಟನ್‌ಗಳ ಗ್ರಿಡ್. ಬೇಕು, ಬೇಡ, ಇನ್ನೂ, ಸಾಕು, ಬಾ, ಹೋಗು, ಹೀಗೆ ಹೆಚ್ಚಿನವು ಕೋರ್ ಪದಗಳೇ, ಎಲ್ಲ ಸಂದರ್ಭಕ್ಕೂ ಮತ್ತೆ ಮತ್ತೆ ಬೇಕಾಗುವ ಪದಗಳು.

ಶನಿವಾರ ಮೇಲಿನವರಿಂದ ಮೆಸೇಜ್ ಬಂತು. ರಿವ್ಯೂ ಹತ್ತಿರ ಬಂದಿದೆ, ಪದಗಳ ಸಂಖ್ಯೆ ಜಾಸ್ತಿ ಆಗಿರಬೇಕು ಎಂದು. ಮಗು ಏನು ಹೇಳಿತು ಎಂದು ಯಾರೂ ಕೇಳುವುದಿಲ್ಲ, ಎಷ್ಟು ಸಲ ಒತ್ತಿತು ಎಂದೇ ಕೇಳುತ್ತಾರೆ. ಸರಿ, ರಾತ್ರಿ ಕೂತು ಗ್ರಿಡ್ ಅನ್ನು 40 ಬಟನ್‌ಗೆ ಏರಿಸಿದೆ. ಕೆಲಸದ ಪದಗಳು ಒಂದು ಕಡೆ, ವಸ್ತುಗಳ ಹೆಸರು ಇನ್ನೊಂದು ಕಡೆ. ಬಣ್ಣ ಹಾಕಿ ಅಚ್ಚುಕಟ್ಟಾಗಿ ಜೋಡಿಸಿದೆ. ನೋಡಿ ನನಗೇ ಖುಷಿಯಾಯಿತು.

ಸೋಮವಾರ ಆಕ್ಯುಪೇಷನಲ್ ಥೆರಪಿ (ಓಟಿ) ರೂಮಿನ ಉಯ್ಯಾಲೆ. ಹತ್ತು ಸಲ ತೂಗಿ ನಿಲ್ಲಿಸುವುದು, ಟ್ಯಾಬ್ ಮುಂದೆ ಹಿಡಿಯುವುದು, ಅವನು ಹೇಳಿದ ಹಾಗೆ ಮಾಡುವುದು. ದಿನಾ ಇದೇ ರೂಢಿ. ಒತ್ತಿದ. ಟ್ಯಾಬ್ 'ಇನ್ನೂ' ಎಂದಿತು. ತೂಗಿದೆ. ಮತ್ತೆ 'ಇನ್ನೂ'. ತೂಗಿದೆ. ಮೂರನೇ ಸಲ ಬೆರಳನ್ನು ಜೋರಾಗಿ ಊರಿ ಒತ್ತಿದ. ಡೇಟಾ ಶೀಟ್‌ನಲ್ಲಿ ಪ್ರಾಂಪ್ಟ್ ಇಲ್ಲದೆ, ಅಂದರೆ ನಾನು ಸೂಚಿಸದೆ ತಾನಾಗಿಯೇ, ಮೂರು ಎಂದು ಬರೆದುಕೊಂಡೆ.

ಅವನ ಕಾಲು ಸೆಟೆದುಕೊಂಡಿತ್ತು. ಹಗ್ಗ ಹಿಡಿದ ಗೆಣ್ಣುಗಳು ಬಿಳಿಚಿಕೊಂಡಿದ್ದವು. ಗುನುಗುವ ದನಿ ಕೀರಲಾಗಿತ್ತು. ಇದನ್ನೆಲ್ಲ ನಾನು ನೋಡಿದೆ. ನೋಡಿಯೂ ಉತ್ಸಾಹ ಇರಬೇಕು ಅಂದುಕೊಂಡೆ. ಟ್ಯಾಬ್ 'ಇನ್ನೂ' ಅನ್ನುತ್ತಿತ್ತಲ್ಲ, ಮಗುವಿನ ಮೈಗಿಂತ ಅದನ್ನೇ ನಂಬಿದೆ. ಮತ್ತೆ ತೂಗಿದೆ.

ಅವನು ಮಣಿಕಟ್ಟು ಕಚ್ಚಿಕೊಂಡ. ಅಳುತ್ತಾ ಅದೇ ಬಟನ್ ಒತ್ತುತ್ತಲೇ ಇದ್ದ. ಇನ್ನೂ, ಇನ್ನೂ, ಇನ್ನೂ. ಶಬ್ದ ಕೇಳುವುದಕ್ಕೆ ಸುಮ್ನೆ ಒತ್ತುತ್ತಿದ್ದಾನೆ, ಸ್ಟಿಮ್ಮಿಂಗ್ (ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವುದು) ಇದು ಎಂದು ಟ್ಯಾಬ್ ಕಿತ್ತುಕೊಂಡು ಮೇಲಿನ ಶೆಲ್ಫ್‌ನಲ್ಲಿಟ್ಟೆ. ಅವನಿಗಿದ್ದ ಒಂದೇ ಒಂದು ದನಿಯನ್ನು ಕೈಗೆ ಎಟುಕದ ಕಡೆ ಇಟ್ಟೆ. ನನಗೆ ಎಲ್ಲಕ್ಕಿಂತ ಚುಚ್ಚುವುದು ಇದು.

ಬಾಗಿಲಲ್ಲಿದ್ದ ಅವನ ಅಮ್ಮ ಓಡಿ ಬಂದರು. "ಮೇಡಂ, ಅವನು ಸಾಕು ಅಂತಿದ್ದಾನೆ. ಸಾಕು ಇರೋದು ಅಲ್ಲೇ ಅಲ್ವಾ, ಆ ಮೂಲೇಲಿ?"

ಹೌದು, ಎಂಟು ತಿಂಗಳು ಸಾಕು ಇದ್ದದ್ದು ಬಲಗಡೆ ಕೆಳಗಿನ ಮೂಲೆಯಲ್ಲೇ. ಶನಿವಾರ ರಾತ್ರಿ ಅಲ್ಲಿಗೆ 'ಇನ್ನೂ' ತಂದಿಟ್ಟವಳು ನಾನು.

ನಾನು ಮೊದಲು ಕಲಿತದ್ದು ಪೆಕ್ಸ್, ಮಗು ಚಿತ್ರದ ಕಾರ್ಡು ಕೊಟ್ಟು ಬೇಕಾದ್ದನ್ನು ಕೇಳುವ ಪದ್ಧತಿ. 1985ರಲ್ಲಿ ಅಮೆರಿಕದಲ್ಲಿ ಆ್ಯಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ಶುರು ಮಾಡಿದ್ದು. ಅದರ ಮೂರನೇ ಹಂತದಲ್ಲಿ ಕಾರ್ಡುಗಳ ಜಾಗವನ್ನು ಬೇಕೆಂದೇ ಬದಲಿಸುತ್ತೇವೆ, ಮಗು ಜಾಗ ನೋಡದೆ ಚಿತ್ರ ನೋಡಲಿ ಎಂದು. ಅದೇ ಅಭ್ಯಾಸವನ್ನು ಟ್ಯಾಬ್‌ಗೂ ತಂದೆ. ಆದರೆ ಗ್ರಿಡ್‌ನಲ್ಲಿ ಬೆರಳು ದಾರಿ ಕಲಿಯುತ್ತದೆ. ಕೀಬೋರ್ಡ್ ನೋಡದೆ ಟೈಪ್ ಮಾಡುವವರು ಅಕ್ಷರ ಹುಡುಕುತ್ತಾರಾ? ಅವನೂ ಹುಡುಕುತ್ತಿರಲಿಲ್ಲ. ಹೇಳುತ್ತಿದ್ದ, ಅಷ್ಟೇ.

ಹಳೇ ಗ್ರಿಡ್‌ನ ಬ್ಯಾಕಪ್ ಇರಲಿಲ್ಲ. ಅವನ ಅಮ್ಮನ ಫೋನ್‌ನಲ್ಲಿದ್ದ ಒಂದು ಫೋಟೋ ನೋಡಿಕೊಂಡು ಒಂದೊಂದೇ ಬಟನ್ ವಾಪಸ್ ಇಟ್ಟೆ. ಈಗ ಹೊಸ ಮಕ್ಕಳಿಗೆ ಮೊದಲ ದಿನದಿಂದಲೇ ದೊಡ್ಡ ಗ್ರಿಡ್ ಹಾಕುತ್ತೇನೆ. ಕಲಿಸದ ಪದಗಳನ್ನು ಮುಚ್ಚಿಡುತ್ತೇನೆ, ಬೇಕಾದಾಗ ತೆರೆಯುತ್ತೇನೆ. ಇದ್ದ ಪದ ಇದ್ದಲ್ಲೇ. ಚಾರ್ಜ್ ಹೋದರೆ ಇರಲಿ ಎಂದು ಅದೇ ಗ್ರಿಡ್‌ನ ಪ್ರಿಂಟ್ ಗೋಡೆಗೆ ಅಂಟಿಸಿದ್ದೇನೆ. ಎಷ್ಟೇ ಗಲಾಟೆಯಾದರೂ ಟ್ಯಾಬ್ ಕಿತ್ತುಕೊಳ್ಳುವುದಿಲ್ಲ. ಒಂದು ಬಟನ್ ಸರಿಸಿದರೆ ಈ ಆ್ಯಪ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ಮಾಡಿದವರು ಇದನ್ನಾದರೂ ಯೋಚಿಸಬೇಕಿತ್ತು.

ಗ್ರಿಡ್ ಸರಿಯಾದ ಮೇಲೂ ಹನ್ನೊಂದು ದಿನ ಅವನು ಟ್ಯಾಬ್ ಮುಟ್ಟಲಿಲ್ಲ. ಮುಂದೆ ಇಟ್ಟರೆ ತಳ್ಳುತ್ತಿದ್ದ. ನಾನೇ ಒತ್ತುತ್ತಾ ಮಾತಾಡುತ್ತಿದ್ದೆ, ಅವನಿಂದ ಏನೂ ಕೇಳದೆ. ಹನ್ನೆರಡನೇ ದಿನ ಆಗಷ್ಟೇ ಚಾಪೆ ಮೇಲೆ ಕೂತಿದ್ದೆವು. ಬೆರಳು ಚಾಚಿ ಆ ಮೂಲೆ ಒತ್ತಿದ. 'ಸಾಕು'. ನನ್ನ ಮುಖ ನೋಡುತ್ತಾ ಕಾದ. ನಾನು ಎದ್ದು ಬಾಗಿಲು ತೆರೆದೆ, ಅವನು ಅಮ್ಮನ ಹತ್ತಿರ ಹೋದ.

ಅವತ್ತಿನ ಗೋಲ್ ಶೀಟ್ ಯಾಕೆ ಖಾಲಿ ಎಂದು ಮೇಲಿನವರು ಕೇಳಿದರು. 'ಸಾಕು ಅಂದ, ನಿಲ್ಲಿಸಿದೆ' ಎಂದು ಬರೆದು ಸಹಿ ಹಾಕಿ ಕೊಟ್ಟೆ.