ಸೂಪರ್‌ಚಾರ್ಜರ್ ಕೊಳ್ಳುವ ಮೊದಲು ಅದರ ಕಾಗದ ನೋಡಿ

ಸ್ಪೋರ್ಟ್ಸ್ ಕಾರ್ ಇಟ್ಟುಕೊಂಡಿರುವ ಗೆಳೆಯರು ನನ್ನನ್ನು ಯಾವಾಗಲೂ ಕೇಳುವುದು ಒಂದೇ ಪ್ರಶ್ನೆ. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ, ಸೂಪರ್‌ಚಾರ್ಜರ್ ಕಿಟ್‌ಗಳಲ್ಲಿ ಯಾವುದು ಹಾಕಿಸಿದರೆ ಎಷ್ಟು ಪವರ್ ಬರುತ್ತದೆ? ನಾನು ವಾಪಸ್ ಕೇಳುವುದೂ ಒಂದೇ ಪ್ರಶ್ನೆ. ಆ ಕಿಟ್ ಹಾಕಿ ರಸ್ತೆಯಲ್ಲಿ ಓಡಿಸಬಹುದು ಅನ್ನುವ ಒಪ್ಪಿಗೆಯ ಕಾಗದ ಇದೆಯಾ? ನಿಮ್ಮ ಕಾರಿನ ಮಾಡೆಲ್, ವರ್ಷ, ಎಂಜಿನ್ ಹೆಸರು ಹಿಡಿದು ಬರೆದಿರುವ ಕಾಗದ? ಅದು ಇದ್ದರೆ ಮುಂದೆ ಮಾತಾಡೋಣ. ಇಲ್ಲದಿದ್ದರೆ ಎಷ್ಟೇ ಒಳ್ಳೆಯ ಟರ್ಬೊ ಆಗಲಿ, ಸದ್ಯಕ್ಕೆ ಅದು ರೇಸ್ ಟ್ರ್ಯಾಕಿನ ಸಾಮಾನು ಅಷ್ಟೇ.

ಬಹಳ ಜನ ಅಂದುಕೊಂಡಿರುವುದು ಏನೆಂದರೆ, ಕಾನೂನಿಗೆ ಪವರ್ ಕಂಡರೆ ಆಗುವುದಿಲ್ಲ ಅಂತ. ಪವರ್ ಒಂದು ವಿಷಯ ಹೌದು, ಆದರೆ ಒಪ್ಪಿಗೆ ಸಿಗುವುದು ಬಿಡುವುದು ಹೆಚ್ಚಾಗಿ ನಿಂತಿರುವುದು ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆದ ಮೊದಲ ಒಂದೆರಡು ನಿಮಿಷದ ಮೇಲೆ. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಶುರು ಮಾಡಬೇಕಾದರೆ ಸುಮಾರು 250 ರಿಂದ 300 ಡಿಗ್ರಿ ಬಿಸಿಯಾಗಬೇಕು. ಅಲ್ಲಿಯವರೆಗೆ ಎಂಜಿನ್ ಬಿಡುವ ಹೊಗೆ ಹೆಚ್ಚು ಕಡಿಮೆ ಹಾಗೇ ಹೊರಗೆ ಹೋಗುತ್ತದೆ. ಹಾಗಾಗಿಯೇ ಅಮೆರಿಕದ ಎಫ್‌ಟಿಪಿ-75 ಎಂಬ ಹೊಗೆ ಪರೀಕ್ಷೆಯಲ್ಲಿ ಕಾರನ್ನು ಕನಿಷ್ಠ 12 ಗಂಟೆ ಸುಮ್ನೆ ನಿಲ್ಲಿಸಿ, ಪೂರ್ತಿ ತಣ್ಣಗಾದ ಮೇಲೆ ಸ್ಟಾರ್ಟ್ ಮಾಡಿ, ಆ ಕ್ಷಣದಿಂದಲೇ ಹೊಗೆ ಹಿಡಿದು ಅಳೆಯುತ್ತಾರೆ.

ಈಗ ಎಂಜಿನ್ ಬಿಡುವ ಹೊಗೆಯ ರಭಸದಿಂದ ತಿರುಗುವ ಟರ್ಬೊ ಎಲ್ಲಿ ಕೂರುತ್ತದೆ ನೋಡಿ. ಎಂಜಿನ್‌ಗೂ ಕ್ಯಾಟಲಿಟಿಕ್ ಕನ್ವರ್ಟರ್‌ಗೂ ನಡುವೆ. ಅಷ್ಟು ದಪ್ಪ ಕಬ್ಬಿಣ ಮೊದಲು ತಾನು ಬಿಸಿಯಾಗಬೇಕು, ಆಮೇಲೆ ಉಳಿದ ಬಿಸಿ ಕನ್ವರ್ಟರ್‌ಗೆ. ಕಾರ್ಖಾನೆಯಿಂದಲೇ ಟರ್ಬೊ ಬಂದ ಕಾರಿನಲ್ಲಿ ತಯಾರಕರು ಇದಕ್ಕೆ ತಕ್ಕಂತೆ ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹೊತ್ತುವ ಸಮಯ, ಹಿಂದಕ್ಕೆ ಸರಿಸಿ, ಕನ್ವರ್ಟರನ್ನು ಟರ್ಬೊಗೆ ಅಂಟಿಸಿದ ಹಾಗೆ ಇಟ್ಟು, ವರ್ಷಗಟ್ಟಲೆ ಪರೀಕ್ಷೆ ಮಾಡಿರುತ್ತಾರೆ. ಹೊರಗಿನ ಕಿಟ್ ಮಾಡುವವರಿಗೆ ಅಷ್ಟೆಲ್ಲ ಸಾಧ್ಯವಾಗುವುದು ಕಷ್ಟ. ಮೊದಲ ತಲೆಮಾರಿನ ಟೊಯೊಟಾ 86 ಮತ್ತು ಸುಬಾರು ಬಿಆರ್‌ಝಡ್ ತಗೊಳ್ಳಿ. ಅವುಗಳ ಎಂಜಿನ್‌ನಿಂದ ಹೊಗೆ ಹೊರಬರುವ ಮೊದಲ ಪೈಪು, ಅಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅದರ ಒಳಗೇ ಮೊದಲ ಕನ್ವರ್ಟರ್ ಇದೆ. ಟರ್ಬೊ ಹಾಕಬೇಕಾದರೆ ಸಾಮಾನ್ಯವಾಗಿ ಅದನ್ನೇ ತೆಗೆಯಬೇಕಾಗುತ್ತದೆ. ಅಲ್ಲಿಗೆ ಒಪ್ಪಿಗೆಯ ದಾರಿ ಕಡಿದಾಗಿಬಿಟ್ಟಿತು.

ಸೂಪರ್‌ಚಾರ್ಜರ್ ಹಾಗಲ್ಲ. ಅದು ಬೆಲ್ಟ್‌ನಿಂದ ತಿರುಗುತ್ತದೆ, ಗಾಳಿ ಒಳಗೆ ಹೋಗುವ ಕಡೆ ಕೂರುತ್ತದೆ, ಎಕ್ಸಾಸ್ಟ್ ಕಡೆಗೆ ಕೈ ಹಾಕುವುದೇ ಇಲ್ಲ. ಮ್ಯಾನಿಫೋಲ್ಡ್, ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಎಲ್ಲ ಇದ್ದ ಜಾಗದಲ್ಲೇ ಇರುತ್ತವೆ. ಇದೇ 86 ಮತ್ತು ಬಿಆರ್‌ಝಡ್‌ಗೆ ಎಡಲ್‌ಬ್ರಾಕ್, ಜಾಕ್ಸನ್ ರೇಸಿಂಗ್ ಮಾಡಿದ ಸೂಪರ್‌ಚಾರ್ಜರ್ ಕಿಟ್‌ಗಳಿಗೆ ಕ್ಯಾಲಿಫೋರ್ನಿಯಾದಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕೇ ನಾನು ಹೇಳುವುದು, ರಸ್ತೆಯಲ್ಲಿ ಧೈರ್ಯವಾಗಿ ಓಡಿಸುವುದೇ ಗುರಿಯಾದರೆ ಸೂಪರ್‌ಚಾರ್ಜರ್ ಕಡೆ ಮೊದಲು ನೋಡಿ. ಟರ್ಬೊ ಜಾಸ್ತಿ ಪವರ್ ಕೊಡಬಹುದು. ಆದರೆ ಪ್ರತಿ ತಪಾಸಣೆಗೂ ಮುಂಚೆ ಬಿಚ್ಚಿಟ್ಟು ಆಮೇಲೆ ಮತ್ತೆ ಕೂರಿಸುವ ಟರ್ಬೊ ಯಾರಿಗೆ ಬೇಕು, ಹೇಳಿ?

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ, ಅದು ಸಣ್ಣ ಸಣ್ಣ ಪೈಪುಗಳದ್ದು. ಮಾಮೂಲಿ ಎಂಜಿನ್‌ನಲ್ಲಿ ಗಾಳಿ ಒಳಗೆ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೆ ಹೆಚ್ಚು ಹೊತ್ತು ಹೀರುವ ಒತ್ತಡ ಇರುತ್ತದೆ. ಕ್ರ್ಯಾಂಕ್‌ಕೇಸಿನ, ಅಂದರೆ ಆಯಿಲ್ ಇರುವ ಎಂಜಿನ್ ಕೆಳಭಾಗದ ಹೊಗೆ, ಪೆಟ್ರೋಲ್ ಟ್ಯಾಂಕಿನ ಆವಿ ಎರಡನ್ನೂ ಎಂಜಿನ್ ಹೀರಿ ಸುಡುವುದು ಆ ಹೀರುವಿಕೆಯಿಂದಲೇ. ಬೂಸ್ಟ್, ಅಂದರೆ ಒತ್ತಿ ತುಂಬಿದ ಗಾಳಿಯ ಒತ್ತಡ, ಬಂದ ಕೂಡಲೇ ಹೀರುವ ಜಾಗ ಊದುವ ಜಾಗವಾಗುತ್ತದೆ. ಸರಿಯಾದ ಕಡೆ ಒನ್‌ವೇ ವಾಲ್ವ್ ಇಲ್ಲದಿದ್ದರೆ ಒತ್ತಡ ಕ್ರ್ಯಾಂಕ್‌ಕೇಸಿಗೆ ನುಗ್ಗಿ ಆಯಿಲ್ ಸೀಲ್ ಸೋರಲು ಶುರುವಾಗುತ್ತದೆ, ಟ್ಯಾಂಕಿನ ಆವಿ ಎಳೆಯುವ ವ್ಯವಸ್ಥೆಯೂ ಕೆಡುತ್ತದೆ. ಅಗ್ಗದ ಕಿಟ್‌ಗಳಲ್ಲಿ ಕ್ರ್ಯಾಂಕ್‌ಕೇಸಿನ ಪೈಪನ್ನು ಗಾಳಿಗೆ ಬಿಟ್ಟು ತುದಿಗೆ ಒಂದು ಪುಟ್ಟ ಫಿಲ್ಟರ್ ಸಿಕ್ಕಿಸಿರುತ್ತಾರೆ. ಬಾನೆಟ್ ಎತ್ತಿದ ತಕ್ಷಣ ತಪಾಸಣೆಯವರ ಕಣ್ಣು ಹೋಗುವುದು ಅಲ್ಲಿಗೇ. ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚಿನ ಒತ್ತಡ ಬಿಡುವ ಬ್ಲೋಆಫ್ ವಾಲ್ವ್ ಕೂಡ ಗಾಳಿಗೆ ಬಿಡುವ ತರದ್ದು ಬೇಡ, ವಾಪಸ್ ಇನ್‌ಟೇಕಿಗೆ ಕಳಿಸುವುದು ಹಾಕಿಸಿ. ಆ ಬುಸ್ ಅನ್ನುವ ಸದ್ದು ಹೋಗುತ್ತದೆ, ಹೋಗಲಿ ಬಿಡಿ.

ಒಪ್ಪಿಗೆ ಕೊಡುವ ಪದ್ಧತಿ ಒಂದೊಂದು ಕಡೆ ಒಂದೊಂದು ತರ. ಕ್ಯಾಲಿಫೋರ್ನಿಯಾದಲ್ಲಿ ಕಿಟ್‌ಗೆ ಒಪ್ಪಿಗೆ ಕೊಡುತ್ತಾರೆ. ಅಲ್ಲಿನ ವೆಹಿಕಲ್ ಕೋಡ್‌ನ 27156ನೇ ಸೆಕ್ಷನ್ ಪ್ರಕಾರ ಹೊಗೆ ನಿಯಂತ್ರಣವನ್ನು ಕೆಡಿಸುವ ಭಾಗ ಮಾರುವುದೂ ತಪ್ಪು, ಹಾಕಿಸುವುದೂ ತಪ್ಪು. ಕಿಟ್ ಮಾಡುವ ಕಂಪನಿ ಪರೀಕ್ಷೆ ಮಾಡಿಸಿ ತೋರಿಸಿದರೆ ಏರ್ ರಿಸೋರ್ಸಸ್ ಬೋರ್ಡ್, ಅಂದರೆ ಎಲ್ಲರೂ ಕಾರ್ಬ್ ಅನ್ನುವ ಸಂಸ್ಥೆ, ಎಕ್ಸಿಕ್ಯೂಟಿವ್ ಆರ್ಡರ್ ಅಂತ ವಿನಾಯಿತಿ ಕೊಡುತ್ತದೆ. ಆ ಆರ್ಡರಿನ ನಂಬರ್ ಇರುವ ಸ್ಟಿಕ್ಕರ್ ಬಾನೆಟ್ ಕೆಳಗೆ ಇರಬೇಕು. ಒಪ್ಪಿಗೆ ಸಿಗುವುದು ಇಡೀ ಜೋಡಣೆಗೆ: ಬೆಲ್ಟ್ ತಿರುಗಿಸುವ ಅದೇ ಪುಲ್ಲಿ, ಎಂಜಿನ್ ಕಂಪ್ಯೂಟರಿನ ಅದೇ ಟ್ಯೂನ್, ಪೆಟ್ರೋಲ್ ಸಿಂಪಡಿಸುವ ಅದೇ ಇಂಜೆಕ್ಟರ್, ಪಟ್ಟಿಯಲ್ಲಿರುವ ಅದೇ ವರ್ಷದ ಕಾರು. ಸಣ್ಣ ಪುಲ್ಲಿ ಹಾಕಿ ಬೂಸ್ಟ್ ಏರಿಸಿದರೆ ಸ್ಟಿಕ್ಕರಿಗೆ ಬೆಲೆ ಇಲ್ಲ. ಮೊದಲೆಲ್ಲ ಟ್ಯೂನ್ ಬದಲಿಸಿದ್ದು ಗೊತ್ತಾಗುತ್ತಿರಲಿಲ್ಲ. 2021ರ ಜುಲೈ 19ರಿಂದ ಅಲ್ಲಿನ ಸ್ಮಾಗ್ ಚೆಕ್ ಎಂಬ ಹೊಗೆ ತಪಾಸಣೆಯಲ್ಲಿ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಕೂಡ ನೋಡುತ್ತಾರೆ, ಕಾರ್ಖಾನೆಯದ್ದೂ ಅಲ್ಲದ ಕಾರ್ಬ್ ಒಪ್ಪಿದ್ದೂ ಅಲ್ಲದ ಟ್ಯೂನ್ ಇದ್ದರೆ ಫೇಲ್.

ಜರ್ಮನಿಯಲ್ಲಿ ನೋಡುವುದು ಇಡೀ ಕಾರನ್ನು. ಹೊಗೆ ಅಥವಾ ಸದ್ದು ಜಾಸ್ತಿಯಾಗುವಂಥ ಬದಲಾವಣೆ ಮಾಡಿದರೆ ಅಲ್ಲಿನ ವಾಹನ ನಿಯಮದ 19ನೇ ಪರಿಚ್ಛೇದದ ಪ್ರಕಾರ ಕಾರಿನ ರಸ್ತೆ ಅನುಮತಿಯೇ ಬಿದ್ದುಹೋಗುತ್ತದೆ. ಕಿಟ್ ಜೊತೆ ಮೊದಲೇ ಪರೀಕ್ಷೆಯಾದ ವರದಿ ಇದ್ದರೆ ಟ್ಯೂಫ್ ಅಥವಾ ಡೆಕ್ರಾದಂಥ ತಪಾಸಣಾ ಸಂಸ್ಥೆಯ ತಜ್ಞರು ವರದಿಗೂ ಕಾರಿಗೂ ತಾಳೆ ನೋಡಿ ಸಹಿ ಹಾಕುತ್ತಾರೆ. ವರದಿ ಇಲ್ಲದಿದ್ದರೆ 21ನೇ ಪರಿಚ್ಛೇದದ ಒಂಟಿ ತಪಾಸಣೆ, ಅಂದರೆ ನಿಮ್ಮ ಒಂದು ಕಾರಿಗೋಸ್ಕರ ಎಲ್ಲ ಅಳತೆ ಹೊಸದಾಗಿ. ಪವರ್ ಏರಿದರೆ ಬ್ರೇಕ್ ಸಾಕಾ ಅಂತ ಕೇಳುತ್ತಾರೆ. ಕಾರಿನ ಗರಿಷ್ಠ ವೇಗ ಏರಿದರೆ ಟೈರಿನ ಅಕ್ಷರ ನೋಡುತ್ತಾರೆ: ವಿ ಅಂದರೆ 240 ಕಿ.ಮೀ. ವರೆಗೆ, ಡಬ್ಲ್ಯು ಅಂದರೆ 270, ವೈ ಅಂದರೆ 300. ನನಗೆ ಈ ಪದ್ಧತಿ ತುಂಬಾ ಇಷ್ಟ. ಎಂಜಿನ್‌ಗೆ ಅರ್ಧದಷ್ಟು ಜಾಸ್ತಿ ಶಕ್ತಿ ತುಂಬಿ ಬ್ರೇಕ್ ಕಡೆ ತಿರುಗಿಯೂ ನೋಡದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಆಸ್ಟ್ರೇಲಿಯಾದಲ್ಲಿ ಜವಾಬ್ದಾರಿ ಒಬ್ಬ ಎಂಜಿನಿಯರ್ ಮೇಲೆ. ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ ಥರದ ರಾಜ್ಯಗಳಲ್ಲಿ ಸರ್ಕಾರದ ಪಟ್ಟಿಯಲ್ಲಿರುವ ಎಂಜಿನಿಯರ್ ಕಾರನ್ನು ನೋಡಿ, ಪರೀಕ್ಷೆ ಮಾಡಿಸಿ, ತನ್ನ ಹೆಸರಿನಲ್ಲಿ ಸರ್ಟಿಫಿಕೇಟ್ ಬರೆಯುತ್ತಾರೆ. ಮಾರ್ಪಾಡಿಗೆ ಅಲ್ಲಿ ವಿಎಸ್‌ಬಿ 14 ಅಂತ ರಾಷ್ಟ್ರೀಯ ಸಂಹಿತೆ ಇದೆ.

ಇಷ್ಟು ದೇಶಗಳ ಕಥೆ ಯಾಕೆ ಹೇಳಿದೆ ಅಂದರೆ, ಕೆಲಸದ ಕ್ರಮ ಎಲ್ಲ ಕಡೆಯೂ ಒಂದೇ, ಮತ್ತು ಜನ ಮಾಡುವುದು ಅದರ ತಿರುಗುಮುರುಗು. ಕಿಟ್ ಕೊಳ್ಳುತ್ತಾರೆ, ಗ್ಯಾರೇಜಿನಲ್ಲಿ ಕೂರಿಸುತ್ತಾರೆ, ಡೈನೋ ಎಂಬ ಅಳತೆ ಯಂತ್ರದ ಮೇಲೆ ಪವರ್ ನೋಡಿ ಖುಷಿಪಡುತ್ತಾರೆ, ಆಮೇಲೆ ಸಹಿ ಹಾಕುವವರನ್ನು ಹುಡುಕುತ್ತಾರೆ. ಮನೆ ಕಟ್ಟಿ ಮುಗಿಸಿ ನಕ್ಷೆಗೆ ಅನುಮತಿ ಕೇಳಿದ ಹಾಗೆ ಇದು. ಮೊದಲು ಸಹಿ ಹಾಕುವವರ ಹತ್ತಿರ ಹೋಗಿ. ಈ ಕಾರು, ಈ ಕಿಟ್, ಇಷ್ಟು ಬೂಸ್ಟ್, ಏನೇನು ಬೇಕು ಅಂತ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತಗೊಳ್ಳಿ. ಭಾಗಗಳ ನಂಬರ್, ಬಿಲ್, ಕೂರಿಸುವಾಗ ತೆಗೆದ ಫೋಟೋ, ಡೈನೋ ಪ್ರಿಂಟ್, ಎಲ್ಲ ಒಂದು ಫೈಲಿನಲ್ಲಿರಲಿ. ಎಂಜಿನ್ ಪೂರ್ತಿ ಜೋಡಿಸಿದ ಮೇಲೆ ಎಷ್ಟೋ ಭಾಗ ಕಣ್ಣಿಗೇ ಬೀಳುವುದಿಲ್ಲ, ಫೋಟೋ ಇಲ್ಲದಿದ್ದರೆ ಮತ್ತೆ ಬಿಚ್ಚಬೇಕು.

ಬೂಸ್ಟ್ ವಿಷಯದಲ್ಲಿ ಆಸೆ ಕಡಿಮೆ ಇಟ್ಟುಕೊಳ್ಳಿ. ಆ 86ರ ಎಂಜಿನ್ ಕಂಪ್ರೆಷನ್, ಅಂದರೆ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಕುಗ್ಗಿಸುವ ಪ್ರಮಾಣ, 12.5:1. ಅಷ್ಟು ಕಂಪ್ರೆಷನ್ ಇರುವ ಎಂಜಿನ್‌ಗೆ ಜಾಸ್ತಿ ಗಾಳಿ ಒತ್ತಿದರೆ ನಾಕಿಂಗ್, ಅಂದರೆ ಮಿಶ್ರಣ ತಾನಾಗಿ ಸಿಡಿಯುವುದು, ಶುರುವಾಗುತ್ತದೆ. ಅದನ್ನು ತಡೆಯಲು ಟೈಮಿಂಗ್ ಇಳಿಸಬೇಕು, ಪೆಟ್ರೋಲ್ ಜಾಸ್ತಿ ಸುರಿಯಬೇಕು, ಪೆಟ್ರೋಲ್ ಜಾಸ್ತಿಯಾದರೆ ಹೊಗೆ ಜಾಸ್ತಿ. ವಾತಾವರಣದ ಒತ್ತಡ ಸುಮಾರು 14.7 ಪಿಎಸ್‌ಐ, ಅದರ ಮೇಲೆ 7 ಪಿಎಸ್‌ಐ ಕೊಟ್ಟರೂ ಲೆಕ್ಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹೆಚ್ಚು ಗಾಳಿ. ಅಷ್ಟು ಸಾಕಲ್ವಾ? 200 ಎಚ್‌ಪಿಯ ಹಗುರ ಕಾರಿಗೆ ಅದು ಬೇರೆಯೇ ಜೀವ ಕೊಡುತ್ತದೆ.

ತಪಾಸಣೆಗೆ ಹೋಗುವ ಮುಂಚೆ ಇನ್ನೊಂದು ಮಾತು. ಟ್ಯೂನ್ ಫ್ಲ್ಯಾಶ್ ಮಾಡಿದರೆ ಅಥವಾ ಬ್ಯಾಟರಿ ಬಿಚ್ಚಿದರೆ ಒಬಿಡಿಯ ರೆಡಿನೆಸ್ ಮಾನಿಟರ್‌ಗಳು, ಅಂದರೆ ಕಾರು ತನ್ನ ಹೊಗೆ ನಿಯಂತ್ರಣವನ್ನು ತಾನೇ ಪರೀಕ್ಷಿಸಿಕೊಂಡ ದಾಖಲೆ, ಅಳಿಸಿಹೋಗಬಹುದು. ಆಮೇಲೆ ಕಾರನ್ನು ತಣ್ಣಗಿನಿಂದ ಸ್ಟಾರ್ಟ್ ಮಾಡಿ, ಊರೊಳಗೆ, ಹೆದ್ದಾರಿಯಲ್ಲಿ ಕೆಲವು ದಿನ ಮಾಮೂಲಿಯಾಗಿ ಓಡಿಸಿದ ಮೇಲೆಯೇ ಅವು ತುಂಬಿಕೊಳ್ಳುವುದು. ಒಂದು ಸ್ಕ್ಯಾನರ್ ಹಾಕಿ ಎಲ್ಲ ರೆಡಿ ಅಂತ ನೋಡಿಕೊಂಡೇ ಹೊರಡಿ. ಸಹಿ ಬಿದ್ದ ಮೇಲೆ ಹೊಸ ಪವರ್ ನೋಂದಣಿ ಕಾಗದಕ್ಕೆ ಸೇರಿಸಬೇಕಾದ ಕಡೆ ಸೇರಿಸಿ, ವಿಮೆ ಕಂಪನಿಗೆ ಬರೆದು ತಿಳಿಸಿ, ಅವರು ಒಪ್ಪಿದ ಉತ್ತರವನ್ನೂ ಅದೇ ಫೈಲಿಗೆ ಹಾಕಿ. ಮುಂದೆ ಯಾವತ್ತಾದರೂ ಪುಲ್ಲಿ ಬದಲಿಸಬೇಕು ಅನಿಸಿದರೆ, ಪುಲ್ಲಿ ಆರ್ಡರ್ ಮಾಡುವ ಮೊದಲು ಸಹಿ ಹಾಕಿದವರಿಗೆ ಒಂದು ಫೋನ್ ಮಾಡಿ.